ಎಚ್‌ಐವಿ ಸಂಶೋಧನೆ: ಅವಕಾಶವಂಚಿತ ಹಿನ್ನೆಲೆಯ ಯುವ ವಿಜ್ಞಾನಿಗಳಿಗೆ ಗುರುವಿನ ಆಸರೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆಲ್ಲ ಒಬ್ಬ ‘ಗೈಡ್’ ಇರುತ್ತಾರೆ. ಅವರು ವಿಷಯ ಒಪ್ಪುತ್ತಾರೆ, ಅಧ್ಯಾಯ ತಿದ್ದುತ್ತಾರೆ, ಅರ್ಜಿಗೆ ಸಹಿ ಹಾಕುತ್ತಾರೆ. ಆದರೆ ಹೊಸದಾಗಿ ಸಂಶೋಧನೆಗೆ ಕಾಲಿಟ್ಟವರಿಗೆ ಇಷ್ಟೇ ಸಾಲದು. ಯಾವ ಪ್ರಶ್ನೆ ಹಿಡಿಯಬೇಕು, ಯಾರನ್ನು ಭೇಟಿಯಾಗಬೇಕು, ಹಣಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಅರ್ಜಿ ತಿರಸ್ಕೃತವಾದರೆ ಮುಂದೇನು ಎಂಬುದನ್ನೆಲ್ಲ ಹೇಳಿಕೊಟ್ಟು ಜೊತೆಯಲ್ಲಿ ನಡೆಯುವ ಹಿರಿಯರು ಬೇಕು. ಇಂಥವರನ್ನು ವಿಜ್ಞಾನಲೋಕದಲ್ಲಿ ‘ಮೆಂಟರ್’ ಎನ್ನುತ್ತಾರೆ. ಕನ್ನಡದಲ್ಲಿ ಮಾರ್ಗದರ್ಶಕ ಎನ್ನಬಹುದು.

ಅಪ್ಪ ಅಮ್ಮ ಪ್ರೊಫೆಸರ್ ಆಗಿರುವ, ದೊಡ್ಡ ನಗರದ ದೊಡ್ಡ ಕಾಲೇಜಿನಲ್ಲಿ ಓದಿದ ಹುಡುಗನಿಗೆ ಈ ತಿಳಿವಳಿಕೆಯಲ್ಲಿ ಅರ್ಧ ಮನೆಯಲ್ಲೇ ಸಿಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಿಗೆ, ದಲಿತ ಹಾಗೂ ಆದಿವಾಸಿ ಸಮುದಾಯದವರಿಗೆ, ಹಳ್ಳಿಯ ಹೆಣ್ಣುಮಕ್ಕಳಿಗೆ, ಅಮೆರಿಕದ ಕಪ್ಪು ಜನರಿಗೆ, ಆಫ್ರಿಕದ ಬಡ ದೇಶಗಳ ವಿದ್ಯಾರ್ಥಿಗಳಿಗೆ ಅದು ಸಿಗುವುದಿಲ್ಲ. ಎಚ್‌ಐವಿ ಸಂಶೋಧನೆಯಲ್ಲಿ ಈ ಕೊರತೆ ಇನ್ನಷ್ಟು ಕಾಡುತ್ತದೆ. ಸೋಂಕು ಹೆಚ್ಚಾಗಿ ತಟ್ಟಿರುವುದು ಇಂಥ ಜನರಿಗೇ. ಪ್ರಯೋಗಾಲಯಗಳಲ್ಲಿ ಅವರ ಸಂಖ್ಯೆ ಮಾತ್ರ ಕಡಿಮೆ. ರೋಗಿಗಳಾಗಿ ಕಾಣಿಸಿಕೊಂಡವರ ಮನೆಯಿಂದಲೇ ವಿಜ್ಞಾನಿಗಳೂ ಬಂದರೆ ಸಂಶೋಧನೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ ಎಂಬುದಕ್ಕೆ ನಾಲ್ಕು ದಶಕಗಳ ಇತಿಹಾಸದಲ್ಲಿ ಸಾಕಷ್ಟು ಉದಾಹರಣೆಗಳಿವೆ. ಅವುಗಳಲ್ಲಿ ಮೊದಲಿನದು ನಮ್ಮ ನೆರೆಯ ಚೆನ್ನೈನದು.

ಚೆನ್ನೈ: ಒಬ್ಬ ಪ್ರೊಫೆಸರ್, ಒಬ್ಬ ವಿದ್ಯಾರ್ಥಿನಿ

ಏಡ್ಸ್ ಎಂಬ ಕಾಯಿಲೆಯ ಮೊದಲ ವರದಿ ಅಮೆರಿಕದಲ್ಲಿ ಪ್ರಕಟವಾದದ್ದು 1981ರ ಜೂನ್‌ನಲ್ಲಿ. ಆಗ ಭಾರತದಲ್ಲಿ ಹೆಚ್ಚಿನವರು ಇದನ್ನು ಪಾಶ್ಚಾತ್ಯರ ಕಾಯಿಲೆ ಎಂದುಕೊಂಡಿದ್ದರು. ಮದ್ರಾಸ್ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಹಾಗೆ ಅಂದುಕೊಳ್ಳಲಿಲ್ಲ. ಹೊರದೇಶಗಳಲ್ಲಿ ಕೆಲಸ ಮಾಡಿ ಬಂದಿದ್ದ ಅವರು ಏಡ್ಸ್ ಬಗ್ಗೆ ಬರುತ್ತಿದ್ದ ವರದಿಗಳನ್ನು ಓದುತ್ತಲೇ ಇದ್ದರು. 1985ರಲ್ಲಿ ತಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ, ಲೈಂಗಿಕ ಕಾರ್ಯಕರ್ತೆಯರಲ್ಲಿ ಎಚ್‌ಐವಿ ಇದೆಯೇ ನೋಡು ಎಂದು ಸೂಚಿಸಿದರು.

ನಿರ್ಮಲಾ ಸಣ್ಣ ಊರಿನ ಸಂಪ್ರದಾಯಸ್ಥ ಮನೆತನದಿಂದ ಬಂದವರು. ಆಗ ವಯಸ್ಸು ಮೂವತ್ತೆರಡರ ಆಸುಪಾಸು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಅವರು ಮೊದಲು ಹಿಂಜರಿದರು. ಗುರು ಬಿಡಲಿಲ್ಲ, ಪತಿಯೂ ಧೈರ್ಯ ತುಂಬಿದರು. ಮದ್ರಾಸಿನಲ್ಲಿ ಮುಂಬಯಿಯಂತೆ ಗುರುತಿಸಬಹುದಾದ ಕೆಂಪುದೀಪ ಪ್ರದೇಶವಿರಲಿಲ್ಲ. ಆಸ್ಪತ್ರೆಗೆ ಬಂದ ಮಹಿಳೆಯರಿಂದ, ಪೊಲೀಸರು ಹಿಡಿದು ತಂದವರನ್ನು ಇರಿಸುತ್ತಿದ್ದ ಸರ್ಕಾರಿ ಆಶ್ರಯಗೃಹದಿಂದ ನಿರ್ಮಲಾ ರಕ್ತದ ಮಾದರಿ ಸಂಗ್ರಹಿಸಿದರು. ಮಾದರಿಗಳನ್ನಿಡಲು ಬೇರೆ ಜಾಗವಿಲ್ಲದೆ ತಮ್ಮ ಮನೆಯ ಫ್ರಿಜ್‌ನಲ್ಲಿಯೇ ಇಟ್ಟರು. ಎಲೈಸಾ ಪರೀಕ್ಷೆಯ ಸೌಲಭ್ಯ ಚೆನ್ನೈನಲ್ಲಿ ಇರಲಿಲ್ಲ. ಸುನೀತಿ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣುತಜ್ಞ ಡಾ. ಜೇಕಬ್ ಜಾನ್ ಅವರೊಡನೆ ಮಾತಾಡಿ ವ್ಯವಸ್ಥೆ ಮಾಡಿದರು. 1986ರ ಫೆಬ್ರುವರಿಯಲ್ಲಿ ನಿರ್ಮಲಾ ಮತ್ತು ಅವರ ಪತಿ ಮಂಜುಗಡ್ಡೆಯ ಡಬ್ಬಿಯಲ್ಲಿ ಮಾದರಿಗಳನ್ನಿಟ್ಟುಕೊಂಡು ರಾತ್ರಿ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ವೆಲ್ಲೂರು ತಲುಪಿದರು.

ಪರೀಕ್ಷೆಯಲ್ಲಿ ಆರು ಮಾದರಿಗಳಲ್ಲಿ ಸೋಂಕಿನ ಗುರುತು ಕಂಡಿತು. ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯೂ ಅದನ್ನೇ ಖಚಿತಪಡಿಸಿತು. ಭಾರತದಲ್ಲಿ ಎಚ್‌ಐವಿ ಇದೆ ಎಂಬುದು ದೇಶಕ್ಕೆ ಗೊತ್ತಾದದ್ದು ಹೀಗೆ. ರೋಗದ ಮೇಲೆ ಕಣ್ಣಿಡುವ, ರಕ್ತನಿಧಿಗಳಲ್ಲಿ ತಪಾಸಣೆ ನಡೆಸುವ ಕೆಲಸಗಳಿಗೆ ಇದೇ ತಳಹದಿಯಾಯಿತು. 1987ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಈ ಬಗ್ಗೆ ಪ್ರಕಟವಾದ ಲೇಖನದ ಕರ್ತೃಗಳಲ್ಲಿ ನಿರ್ಮಲಾ ಹೆಸರೂ ಇದೆ. ಅದೇ ವರ್ಷ ಅವರು ಪ್ರಬಂಧ ಸಲ್ಲಿಸಿದರು.

ಈ ಪ್ರಸಂಗದಲ್ಲಿ ಮಾರ್ಗದರ್ಶಕರ ಕೆಲಸವೇನೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಪ್ರಶ್ನೆಯನ್ನು ಕೊಟ್ಟವರು ಗುರು. ಹಿಂಜರಿದಾಗ ಒತ್ತಾಯಿಸಿದವರು, ಪರಿಚಯವಿದ್ದ ಪ್ರಯೋಗಾಲಯದ ಬಾಗಿಲು ತೆರೆಸಿದವರು ಅವರೇ. ನಡೆದು ಹೋಗಿ ಮಾದರಿ ತಂದದ್ದು ಶಿಷ್ಯೆ. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

ಇದೇ ಪ್ರಸಂಗದಲ್ಲಿ ಎರಡು ಕೊರತೆಗಳೂ ಕಾಣುತ್ತವೆ. ರಕ್ತ ಕೊಟ್ಟ ಮಹಿಳೆಯರಿಗೆ ಯಾವ ಪರೀಕ್ಷೆಗೆಂದು ಹೇಳಿರಲಿಲ್ಲ. ಇಂದಿನ ನಿಯಮಗಳ ಪ್ರಕಾರ ಇದು ತಪ್ಪು. ಇನ್ನೊಂದು, ನಿರ್ಮಲಾ ಅವರ ಮುಂದಿನ ದಾರಿ. ಪದವಿಯ ನಂತರ ಅವರು ಚೆನ್ನೈನ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಸಿಕೆ ತಯಾರಿಕೆಯ ಕೆಲಸಕ್ಕೆ ಸೇರಿ 2010ರಲ್ಲಿ ನಿವೃತ್ತರಾದರು. ಅವರ ಕೊಡುಗೆ ಸಾರ್ವಜನಿಕರಿಗೆ ತಿಳಿದದ್ದು ಮೂವತ್ತು ವರ್ಷಗಳ ನಂತರ. ಸುನೀತಿ ಸಾಲೊಮನ್ 1993ರಲ್ಲಿ ವೈಆರ್‌ಜಿ ಕೇರ್ ಸಂಸ್ಥೆ ಸ್ಥಾಪಿಸಿ ಸಾವಿರಾರು ರೋಗಿಗಳಿಗೆ ಆಸರೆಯಾದರು, ಅನೇಕ ಯುವ ವೈದ್ಯರನ್ನು ಬೆಳೆಸಿದರು. 2015ರಲ್ಲಿ ನಿಧನರಾದ ಅವರಿಗೆ 2017ರಲ್ಲಿ ಮರಣೋತ್ತರ ಪದ್ಮಶ್ರೀ ಸಂದಿತು. ಒಬ್ಬ ಒಳ್ಳೆಯ ಗುರು ಒಂದು ಬಾಗಿಲು ತೆರೆಯಬಲ್ಲರು. ಆ ಬಾಗಿಲಿನಾಚೆ ಹತ್ತು ವರ್ಷ ನಡೆಯಲು ಸಂಬಳ, ಹುದ್ದೆ, ಅನುದಾನ ಬೇಕು. ಆ ಕಾಲದ ಭಾರತದಲ್ಲಿ ಅಂಥ ವ್ಯವಸ್ಥೆ ಇನ್ನೂ ಬೆಳೆದಿರಲಿಲ್ಲ.

ದಕ್ಷಿಣ ಆಫ್ರಿಕ: ಗುರುವಿನ ಪ್ರಶ್ನೆ, ಶಿಷ್ಯೆಯ ಉತ್ತರ

ಇಂಥ ವ್ಯವಸ್ಥೆ ಕಟ್ಟಿದ ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕದ ಡರ್ಬನ್ ನಗರದ್ದು. ವರ್ಣಭೇದ ನೀತಿಯ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೂ ಭಾರತೀಯ ಮೂಲದವರಿಗೂ ಉನ್ನತ ಶಿಕ್ಷಣದ ದಾರಿ ಕಿರಿದಾಗಿತ್ತು. ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿದ ಕ್ವಾರೈಶಾ ಅಬ್ದುಲ್ ಕರೀಂ 1980ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಅವರಿಗೆ ಸಿಕ್ಕ ಗುರುಗಳು ಝೀನಾ ಸ್ಟೈನ್ ಮತ್ತು ಮರ್ವಿನ್ ಸಸರ್ ದಂಪತಿ. ಇವರೂ ದಕ್ಷಿಣ ಆಫ್ರಿಕದವರೇ. ವರ್ಣಭೇದವನ್ನು ವಿರೋಧಿಸಿ 1950ರ ದಶಕದಲ್ಲಿ ದೇಶ ಬಿಟ್ಟಿದ್ದ ವೈದ್ಯ ವಿಜ್ಞಾನಿಗಳು.

ಕ್ವಾರೈಶಾ ಊರಿಗೆ ಮರಳಿ ನಡೆಸಿದ ಆರಂಭದ ಸಮೀಕ್ಷೆಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಹದಿಹರೆಯದ ಹುಡುಗಿಯರಲ್ಲಿ ಅದೇ ವಯಸ್ಸಿನ ಹುಡುಗರಿಗಿಂತ ಸೋಂಕು ಹೆಚ್ಚಾಗಿತ್ತು. ಹುಡುಗಿಯರಿಗೆ ಸೋಂಕು ತಗಲುತ್ತಿದ್ದುದು ತಮಗಿಂತ ಹಿರಿಯ ಗಂಡಸರಿಂದ. ಕಾಂಡೋಮ್ ಬಳಸುವುದು ಬಿಡುವುದು ಗಂಡಸಿನ ಕೈಯಲ್ಲಿತ್ತು. ಹೆಂಗಸರು ತಾವಾಗಿಯೇ ಬಳಸಬಹುದಾದ ರಕ್ಷಣೆ ಬೇಕು ಎಂದು ಝೀನಾ ಸ್ಟೈನ್ 1990ರಲ್ಲಿ ಒಂದು ಲೇಖನದಲ್ಲಿ ವಾದಿಸಿದ್ದರು. ಶಿಷ್ಯೆ ಆ ಪ್ರಶ್ನೆಯನ್ನು ಇಪ್ಪತ್ತು ವರ್ಷ ಬಿಡದೆ ಹಿಡಿದರು. 2010ರಲ್ಲಿ ವಿಯೆನ್ನಾದ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಅವರ ತಂಡ 889 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಟೆನೋಫೊವಿರ್ ಎಂಬ ಔಷಧವಿರುವ ಜೆಲ್ ಬಳಸಿದವರಲ್ಲಿ ಸೋಂಕು ಶೇ. 39ರಷ್ಟು ಕಡಿಮೆಯಾಗಿತ್ತು.

ನಂತರ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಈ ಜೆಲ್‌ನ ಲಾಭ ಸಾಬೀತಾಗಲಿಲ್ಲ. ಹೀಗಾಗಿ ಅದು ಮಾರುಕಟ್ಟೆಗೆ ಬರಲಿಲ್ಲ. ಆದರೆ ಸೋಂಕು ತಗಲುವ ಮುನ್ನವೇ ಔಷಧದಿಂದ ಮಹಿಳೆಯರನ್ನು ಕಾಪಾಡಬಹುದೆಂಬ ದಾರಿ ತೆರೆದುಕೊಂಡಿತು. ಅದೇ ದಾರಿಯಲ್ಲಿ ಮುಂದೆ 2024ರಲ್ಲಿ, ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಔಷಧದ ಪ್ರಯೋಗದ ಫಲಿತಾಂಶ ಬಂತು. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಆ ಚುಚ್ಚುಮದ್ದು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ.

ಕ್ವಾರೈಶಾ ತಮಗೆ ಸಿಕ್ಕದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಫೋಗರ್ಟಿ ಕೇಂದ್ರ 1988ರಲ್ಲಿ ಬಡ ದೇಶಗಳ ಏಡ್ಸ್ ಸಂಶೋಧಕರಿಗಾಗಿ ತರಬೇತಿ ಯೋಜನೆ ಆರಂಭಿಸಿತ್ತು. ಅದರಡಿ 1993ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯ ಮತ್ತು ದಕ್ಷಿಣ ಆಫ್ರಿಕ ಸೇರಿ ನಡೆಸಿದ ಕಾರ್ಯಕ್ರಮದ ಹೊಣೆ ಹೊತ್ತ ಅವರು ದಕ್ಷಿಣ ಆಫ್ರಿಕ ವಲಯದ 600ಕ್ಕೂ ಹೆಚ್ಚು ಮಂದಿಗೆ ತರಬೇತಿ ಸಿಗುವಂತೆ ಮಾಡಿದರು. ಪತಿ ಸಲೀಂ ಅಬ್ದುಲ್ ಕರೀಂ ಅವರೊಡನೆ ಕಟ್ಟಿದ ‘ಕ್ಯಾಪ್ರಿಸಾ’ ಸಂಶೋಧನಾ ಕೇಂದ್ರ ಇಂದು ಜಗತ್ತಿನ ಮುಖ್ಯ ಎಚ್‌ಐವಿ ಸಂಶೋಧನಾ ಕೇಂದ್ರಗಳಲ್ಲೊಂದು. ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳಿಗಾಗಿ ಅಬ್ದುಸ್ ಸಲಾಂ ಸ್ಥಾಪಿಸಿದ ವಿಶ್ವ ವಿಜ್ಞಾನ ಅಕಾಡೆಮಿಗೆ ಅವರು ಮೊದಲ ಮಹಿಳಾ ಅಧ್ಯಕ್ಷೆಯೂ ಆದರು.

ಫೋಗರ್ಟಿ ಯೋಜನೆಯ ಒಂದು ಉದ್ದೇಶ ಗಮನಿಸಬೇಕಾದ್ದು. ತರಬೇತಿ ಪಡೆದವರು ತಮ್ಮ ದೇಶಕ್ಕೆ ಮರಳಬೇಕು, ಅಲ್ಲಿಯ ಸಮಸ್ಯೆಯ ಮೇಲೆಯೇ ಕೆಲಸ ಮಾಡಬೇಕು. ಮರಳಿದ ಮೇಲೆ ಸಂಶೋಧನೆ ಆರಂಭಿಸಲು ಸಣ್ಣ ಅನುದಾನದ ವ್ಯವಸ್ಥೆಯೂ ಇತ್ತು. ಇದೇ ಯೋಜನೆಯಡಿ ಭಾರತದ ಸಂಶೋಧಕರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ಪಡೆದು ಬಂದರು.

ಅಮೆರಿಕ: ಅನುದಾನದಲ್ಲಿ ಕಂಡ ಅಂತರ

ಅಮೆರಿಕದಲ್ಲಿ ಕಪ್ಪು ಜನರು ಜನಸಂಖ್ಯೆಯ ಎಂಟನೇ ಒಂದು ಪಾಲಿನಷ್ಟಿದ್ದಾರೆ. ಹೊಸದಾಗಿ ಪತ್ತೆಯಾಗುವ ಎಚ್‌ಐವಿ ಪ್ರಕರಣಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅವರದು. ಆದರೆ ಸಂಶೋಧನಾ ಹಣ ಪಡೆಯುವವರ ಸಾಲಿನಲ್ಲಿ ಅವರು ಬಹಳ ಕಡಿಮೆ. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಅಂಕಿಅಂಶಗಳ ಸಮೇತ ತೋರಿಸಿತು. ಓದು, ತರಬೇತಿ, ಹಿಂದಿನ ಪ್ರಕಟಣೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ಅರ್ಜಿದಾರರಿಗೆ ಶೇಕಡಾವಾರು ಲೆಕ್ಕದಲ್ಲಿ 10 ಅಂಶಗಳಷ್ಟು ಕಡಿಮೆಯಿತ್ತು.

2019ರ ಇನ್ನೊಂದು ಅಧ್ಯಯನ ಕಾರಣಗಳಲ್ಲಿ ಒಂದನ್ನು ಹುಡುಕಿತು. ಅಂತರದ ಐದನೇ ಒಂದಕ್ಕಿಂತ ಹೆಚ್ಚು ಭಾಗಕ್ಕೆ ಆಯ್ದುಕೊಂಡ ವಿಷಯವೇ ಕಾರಣವಾಗಿತ್ತು. ಕಪ್ಪು ವಿಜ್ಞಾನಿಗಳು ಸಮುದಾಯದ ಆರೋಗ್ಯ, ಜನರ ನಡುವಿನ ಅಸಮಾನತೆಯಂಥ ವಿಷಯಗಳನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತಿದ್ದರು. ಜೀವಕೋಶ, ವಂಶವಾಹಿಗಳ ಕುರಿತ ಅರ್ಜಿಗಳಿಗಿಂತ ಇಂಥ ಅರ್ಜಿಗಳಿಗೆ ಹಣ ಸಿಗುವುದು ಕಡಿಮೆ. ಅಂದರೆ ತಮ್ಮ ಜನರ ಕಷ್ಟವನ್ನು ಪ್ರಶ್ನೆಯಾಗಿ ತಂದವರೇ ಹಿಂದೆ ಉಳಿಯುತ್ತಿದ್ದರು.

ಈ ಕಂದಕ ದಾಟಿಸಲು ಹಲವು ಕಾರ್ಯಕ್ರಮಗಳು ಹುಟ್ಟಿಕೊಂಡವು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಏಡ್ಸ್ ತಡೆ ಅಧ್ಯಯನ ಕೇಂದ್ರ 1990ರ ದಶಕದಲ್ಲಿ ಆರಂಭಿಸಿದ ಕಾರ್ಯಕ್ರಮ ಅವುಗಳಲ್ಲಿ ಹೆಸರುವಾಸಿ. ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಎಚ್‌ಐವಿ ಕುರಿತು ಕೆಲಸ ಮಾಡುವ ಯುವ ಅಧ್ಯಾಪಕರು ಕೆಲವು ಬೇಸಿಗೆಗಳನ್ನು ಸತತವಾಗಿ ಅಲ್ಲಿ ಕಳೆಯುತ್ತಿದ್ದರು. ಸಣ್ಣ ಅಧ್ಯಯನಕ್ಕೆ ಹಣ ಸಿಗುತ್ತಿತ್ತು. ಆ ಅಧ್ಯಯನದ ಆಧಾರದ ಮೇಲೆ ದೊಡ್ಡ ಅನುದಾನದ ಅರ್ಜಿ ಬರೆಯುತ್ತಿದ್ದರು, ಅದನ್ನು ಹಿರಿಯರೂ ಓರಗೆಯವರೂ ಕೂತು ತಿದ್ದುತ್ತಿದ್ದರು. ಮುಂದೆ ಎಚ್‌ಐವಿ ಲಸಿಕೆ ಪ್ರಯೋಗ ಜಾಲ ಕಪ್ಪು ಮತ್ತು ಲ್ಯಾಟಿನ್ ಮೂಲದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಇಂಥದೇ ಕಾರ್ಯಕ್ರಮ ಆರಂಭಿಸಿತು.

ಮಾರ್ಗದರ್ಶಕರು ಮಾಡುವುದೇನು?

ಈ ಎಲ್ಲ ಕಾರ್ಯಕ್ರಮಗಳ ಅನುಭವದಿಂದ ಕೆಲವು ಸಂಗತಿಗಳು ಸ್ಪಷ್ಟವಾಗಿವೆ.

ಮೊದಲನೆಯದು ಬರವಣಿಗೆ. ಸಂಶೋಧನೆ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಮತ್ತು ಲೇಖನ ಸರಿಯಾಗಿ ಬರೆಯದಿದ್ದರೆ ಮುಂದೆ ಹೋಗುವುದಿಲ್ಲ. ಮೊದಲ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ತಿಳಿದವರು ಅದನ್ನು ತಿದ್ದಿ ಮತ್ತೆ ಕಳಿಸುತ್ತಾರೆ. ತಿಳಿಯದವರು ತಮ್ಮ ಯೋಗ್ಯತೆ ಇಷ್ಟೇ ಎಂದು ಬಿಟ್ಟುಬಿಡುತ್ತಾರೆ.

ಎರಡನೆಯದು ಸಮಯ. ಸಣ್ಣ ಕಾಲೇಜಿನ ಅಧ್ಯಾಪಕರಿಗೆ ಪಾಠ, ಪರೀಕ್ಷೆ, ಮೌಲ್ಯಮಾಪನದಲ್ಲೇ ದಿನ ಮುಗಿಯುತ್ತದೆ. ಅಮೆರಿಕದಲ್ಲಿ ‘ಕೆ’ ಮಾದರಿಯ ಅನುದಾನಗಳು ಯುವ ವಿಜ್ಞಾನಿಯ ಸಂಬಳದ ಒಂದು ಭಾಗವನ್ನು ಭರಿಸಿ ಸಂಶೋಧನೆಗೆ ಬಿಡುವು ಕೊಡಿಸುತ್ತವೆ. ಕಲಿಸುವ ಹಿರಿಯರ ಸಮಯಕ್ಕೂ ಹಣ ಕೊಡುವ ಪ್ರತ್ಯೇಕ ಅನುದಾನವಿದೆ.

ಮೂರನೆಯದು ಹೆಸರು. ಲೇಖನದಲ್ಲಿ ಯಾರ ಹೆಸರು ಮೊದಲು ಬರುತ್ತದೆ ಎಂಬುದರ ಮೇಲೆ ಯುವ ವಿಜ್ಞಾನಿಯ ಭವಿಷ್ಯ ನಿಂತಿರುತ್ತದೆ. ಬಡ ದೇಶದಲ್ಲಿ ಮಾದರಿ ಸಂಗ್ರಹಿಸಿ, ಶ್ರೀಮಂತ ದೇಶದಲ್ಲಿ ಲೇಖನ ಬರೆದು, ಸಂಗ್ರಹಿಸಿದವರ ಹೆಸರನ್ನು ನಡುವೆ ಎಲ್ಲೋ ಸೇರಿಸುವ ಪದ್ಧತಿಯ ಬಗ್ಗೆ ಆಫ್ರಿಕ, ಏಷ್ಯಾದ ಸಂಶೋಧಕರಲ್ಲಿ ಬಹುಕಾಲದಿಂದ ಅಸಮಾಧಾನವಿದೆ. ಕೆಲಸ ಶುರುವಾಗುವ ಮೊದಲೇ ಇದನ್ನು ಮಾತಾಡಿ ತೀರ್ಮಾನಿಸುವುದು ಒಳ್ಳೆಯ ಮಾರ್ಗದರ್ಶಕರ ಲಕ್ಷಣ.

ನಾಲ್ಕನೆಯದು ಒಬ್ಬರೇ ಗುರು ಸಾಲರು ಎಂಬುದು. ವಿಷಯ ಕಲಿಸಲು ಒಬ್ಬರು, ನೌಕರಿಯ ದಾರಿ ತೋರಿಸಲು ಇನ್ನೊಬ್ಬರು, ತನ್ನದೇ ಹಿನ್ನೆಲೆಯಿಂದ ಬಂದು ಅವಮಾನ, ಒಂಟಿತನಗಳನ್ನು ದಾಟಿದವರು ಮತ್ತೊಬ್ಬರು ಬೇಕಾಗುತ್ತದೆ. ಎಚ್‌ಐವಿ ವಿಷಯಕ್ಕೆ ಅಂಟಿದ ಕಳಂಕ ಸಂಶೋಧಕರನ್ನೂ ಬಿಡುವುದಿಲ್ಲ. ಇದೇ ವಿಷಯ ಏಕೆ ಆಯ್ದುಕೊಂಡೆ ಎಂದು ಮನೆಯವರು, ನೆಂಟರು ಕೇಳುತ್ತಾರೆ. ಸ್ವತಃ ಸೋಂಕಿನೊಂದಿಗೆ ಬದುಕುವವರು ಸಂಶೋಧನೆಗೆ ಬಂದರೆ ಅವರ ಗುಟ್ಟು ಕಾಯುವ ಹೊಣೆಯೂ ಹಿರಿಯರದು. ಭಾರತದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಓದು ಮತ್ತು ಉದ್ಯೋಗದಲ್ಲಿ ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸುತ್ತದೆ.

ಸ್ಥಳೀಯ ವಿಜ್ಞಾನಿ ಏಕೆ ಬೇಕು?

ಎಚ್‌ಐವಿಯಲ್ಲಿ ಅನೇಕ ಉಪಬಗೆಗಳಿವೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವುದು ‘ಬಿ’. ಭಾರತದಲ್ಲೂ ದಕ್ಷಿಣ ಆಫ್ರಿಕದಲ್ಲೂ ಇರುವುದು ಬಹುಪಾಲು ‘ಸಿ’. ಜಗತ್ತಿನ ಸೋಂಕಿನಲ್ಲಿ ಸುಮಾರು ಅರ್ಧದಷ್ಟು ಈ ‘ಸಿ’ ಬಗೆಯದೇ. ಆದರೂ ಆರಂಭದ ವರ್ಷಗಳಲ್ಲಿ ಪ್ರಯೋಗಾಲಯಗಳ ಕೆಲಸ ಬಹುತೇಕ ನಡೆದದ್ದು ‘ಬಿ’ ಮೇಲೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ‘ಸಿ’ ಬಗೆಯ ವಿಶೇಷತೆಗಳನ್ನು ಬೆನ್ನು ಹತ್ತಿತು. ಈ ಬಗೆಯ ವೈರಸ್ಸಿನ ‘ಟ್ಯಾಟ್’ ಎಂಬ ಪ್ರೋಟೀನಿನಲ್ಲಿರುವ ವ್ಯತ್ಯಾಸವನ್ನು 2004ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಹೊಸದಾಗಿ ಹಬ್ಬುತ್ತಿದ್ದ ತಳಿಗಳ ಬಗ್ಗೆ 2012ರಲ್ಲಿ ವರದಿ ಮಾಡಿತು. ಇಲ್ಲಿಯ ವೈರಸ್ ಬಗ್ಗೆ ಇಲ್ಲಿಯವರು ಕೇಳದಿದ್ದರೆ ಬೇರೆ ಯಾರೂ ಅವಸರದಿಂದ ಕೇಳುವುದಿಲ್ಲ.

ಗಡಿನಾಡಿಗೆ ಇದರ ಸಂಬಂಧ

ಭಾರತದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ ಎಂದು ಸರ್ಕಾರದ 2023ರ ಅಂದಾಜು ಹೇಳುತ್ತದೆ. ಸಂಖ್ಯೆಯ ಲೆಕ್ಕದಲ್ಲಿ ಮುಂದಿರುವ ರಾಜ್ಯಗಳು ಮಹಾರಾಷ್ಟ್ರ, ಆಂಧ್ರಪ್ರದೇಶ ಮತ್ತು ಕರ್ನಾಟಕ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರು ಬದುಕುವುದು ಈ ರಾಜ್ಯಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ.

ಜತ್ತ ತಾಲ್ಲೂಕು ಇರುವ ಸಾಂಗ್ಲಿ ಜಿಲ್ಲೆಯಲ್ಲಿ 1992ರಿಂದ ಸಂಗ್ರಾಮ್ ಸಂಸ್ಥೆ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುತ್ತ ಬಂದಿದೆ. ಉತ್ತರ ಕರ್ನಾಟಕದಿಂದ ಹೋದ ಕನ್ನಡದ ಹೆಣ್ಣುಮಕ್ಕಳು ಅಲ್ಲಿ ಬಹಳ ಮಂದಿ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಸಂಶೋಧಕರೊಡನೆ ಸೇರಿ ಅಧ್ಯಯನ ನಡೆಸಿದ್ದಾರೆ, ಬೇರೆ ದೇಶಗಳಿಂದ ಬಂದವರಿಗೆ ಕಲಿಸಿಯೂ ಇದ್ದಾರೆ. ಅಧ್ಯಯನಕ್ಕೆ ಒಳಪಡುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ. ಮರಾಠಿಯ ಒಪ್ಪಿಗೆ ಪತ್ರ ಜತ್ತದ ಕನ್ನಡದ ಹೆಂಗಸಿಗೂ, ತೆಲುಗಿನ ಪ್ರಶ್ನಾವಳಿ ಮಡಕಶಿರಾದ ಕನ್ನಡದವಳಿಗೂ ಪೂರ್ತಿ ಅರ್ಥವಾಗದೆ ಹೋಗಬಹುದು. ಎರಡೂ ಭಾಷೆ ಬಲ್ಲ, ಆ ಊರಿನ ಸೂಕ್ಷ್ಮ ಬಲ್ಲ ಗಡಿನಾಡಿನ ವಿದ್ಯಾರ್ಥಿ ಇಂಥ ಕಡೆ ಮಾಡಬಲ್ಲ ಕೆಲಸವನ್ನು ದೂರದ ತಜ್ಞರು ಮಾಡಲಾರರು. 1986ರಲ್ಲಿ ಚೆನ್ನೈನ ಮಹಿಳೆಯರಿಗೆ ಹೇಳದೆ ಉಳಿದದ್ದನ್ನು ಇಂದು ಹೇಳಬೇಕಾದವರು ಇವರೇ.

ಇಂಥ ವಿದ್ಯಾರ್ಥಿಗಳಿಗೆ ದಾರಿಗಳಿವೆ. ವೈದ್ಯಕೀಯ ಪದವಿ ಓದುವವರಿಗೆ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಎರಡು ತಿಂಗಳ ವಿದ್ಯಾರ್ಥಿವೇತನ ಯೋಜನೆಯಿದೆ. ವಿಜ್ಞಾನ ಸ್ನಾತಕೋತ್ತರರಿಗೆ ಕಿರಿಯ ಸಂಶೋಧನಾ ಫೆಲೋಶಿಪ್ ಇದೆ. 1992ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಈಗ ಹೆಸರು ಬದಲಿಸಿಕೊಂಡು ವೈರಾಣುಶಾಸ್ತ್ರದ ವಿಸ್ತೃತ ಸಂಸ್ಥೆಯಾಗಿದೆ. ಆದರೆ ಅರ್ಜಿ ಹಾಕಲು ಮೊದಲು ಬೇಕಾದದ್ದು ಒಪ್ಪಿಕೊಳ್ಳುವ ಒಬ್ಬ ಗೈಡ್. ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಬಂದವರು ಅಲ್ಲಿಯೇ ತಡವರಿಸುವುದು.

2025ರ ಆಘಾತ

ಮೂವತ್ತು ವರ್ಷಗಳಲ್ಲಿ ಕಟ್ಟಿದ್ದು ಎಷ್ಟು ಬೇಗ ಅಲುಗಾಡಬಹುದೆಂದು 2025 ತೋರಿಸಿತು. ಅಮೆರಿಕದ ಹೊಸ ಸರ್ಕಾರ ವೈವಿಧ್ಯ, ಅಸಮಾನತೆಗಳಿಗೆ ಸಂಬಂಧಿಸಿದ ನೂರಾರು ಆರೋಗ್ಯ ಸಂಶೋಧನಾ ಅನುದಾನಗಳನ್ನು ರದ್ದು ಮಾಡಿತು. ಎಚ್‌ಐವಿ ಅಧ್ಯಯನಗಳೂ ಯುವ ವಿಜ್ಞಾನಿಗಳ ತರಬೇತಿಯೂ ಅದರಲ್ಲಿ ಸೇರಿದ್ದವು. ಜೂನ್‌ನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶರೊಬ್ಬರು ಈ ರದ್ದತಿ ಕಾನೂನುಬಾಹಿರ ಎಂದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಸರ್ಕಾರಕ್ಕೆ ಮುಂದುವರಿಯಲು ಅವಕಾಶ ಕೊಟ್ಟಿತು. ಆಫ್ರಿಕದ ವಿಜ್ಞಾನಿಗಳೇ ಮುನ್ನಡೆಸುತ್ತಿದ್ದ ‘ಬ್ರಿಲಿಯಂಟ್’ ಎಂಬ ಲಸಿಕೆ ಸಂಶೋಧನಾ ಒಕ್ಕೂಟದ ಪ್ರಯೋಗ, ಅಮೆರಿಕದ ನೆರವು ನಿಂತದ್ದರಿಂದ ಅದೇ ವರ್ಷದ ಆರಂಭದಲ್ಲಿ ಶುರುವಾಗುವ ಹೊತ್ತಿಗೇ ತಡೆಯಿತು.

ಯಂತ್ರಕ್ಕೆ ಹಣ ನಿಂತರೆ ಮುಂದಿನ ವರ್ಷ ಕೊಳ್ಳಬಹುದು. ತರಬೇತಿಯ ನಡುವೆ ಸಂಬಳ ನಿಂತ ಯುವಕ ಯುವತಿಯರು ಬೇರೆ ನೌಕರಿ ಹಿಡಿಯುತ್ತಾರೆ. ಮನೆಯ ಸಾಲ, ತಂಗಿಯ ಮದುವೆ, ತಂದೆಯ ಔಷಧದ ಖರ್ಚು ಹೊತ್ತವರು ಮೊದಲು ಹೊರಡುತ್ತಾರೆ. ಹಾಗೆ ಹೋದವರು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಅವರು ಕೇಳಬಹುದಾಗಿದ್ದ ಪ್ರಶ್ನೆಗಳೂ ಕೇಳದೆ ಉಳಿಯುತ್ತವೆ.